ಸದ್ದಲೇ ಎಂದ ಮೇಲೆ

ಕಟ್ ಕಟ್ ಎನ್ನುತ್ತಿದೆ ಫ್ಯಾನು, ಮೂರು ಸುತ್ತಿಗೊಂದು ಸಲ, ಎಣಿಸಬಾರದು ಅಂದುಕೊಂಡರೂ ಎಣಿಸುತ್ತಿದ್ದೇನೆ, ಅದರ ಕೆಳಗೇ ಗೋಡೆಯ ಮೇಲೆ ತುಟಿಗೆ ಬೆರಳಿಟ್ಟ ಹೆಂಗಸಿನ ಚಿತ್ರ, ನಿಶ್ಶಬ್ದ ಕಾಪಾಡಿ ಅಂತೆ, ಯಾರಿಗೆ ಹೇಳುತ್ತೀಯೇ ತಾಯಿ, ಹನ್ನೊಂದು ತಿಂಗಳಿಂದ ನನ್ನ ಮನೆಯಲ್ಲಿ ಅದನ್ನೇ ಕಾಪಾಡಿಕೊಂಡು ಬಂದಿದ್ದೇನೆ — ಹಾವೇರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಸ್ಪ್ಯಾನಿಶ್ ಪದಗಳಿಗೆ ಕನ್ನಡ ಅರ್ಥ ತುಂಬುತ್ತಿರುವ ಹೆಂಗಸು ನಾನೊಬ್ಬಳೇ ಇರಬೇಕು, ಹುಚ್ಚಿ ಅನ್ನುವವರು ಅನ್ನಲಿ, ಕೈ ಖಾಲಿ ಬಿಟ್ಟರೆ ಮತ್ತೆ ಫ್ಯಾನು ಎಣಿಸುತ್ತೇನೆ, ಒಳಗೆ ಏಳನೇ ನಂಬರಿನ ಕೋಣೆಯಲ್ಲಿ ಗಂಡ ಮಲಗಿದ್ದಾನೆ, ಮೂರು ಗಂಟೆಗೆ ಅವನ ಗಂಟಲಿನ ಆಪರೇಷನ್ನು, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗ್ತದರಿ ಅಂದರು ಡಾಕ್ಟರು, ಆಮೇಲೆ ಮಾತು? ಆಮೇಲೆ ಆ ದನಿ ಇರೂದಿಲ್ಲರಿ ಮೇಡಂ, ಜೀವ ಉಳೀತದ, ಏನರ ಮಾತಾಡೂದಿದ್ರ ಮೂರರೊಳಗ ಮಾತಾಡಿಬಿಡ್ರಿ. ಈಗ ಎರಡು ಹತ್ತು. ಅವನು ಬಾಯಿ ಬಿಡಬೇಕಾದರೆ ಮೊದಲು ನಾನು ಬಾಯಿ ಬಿಡಬೇಕು, ಅದು ಡಾಕ್ಟರಿಗೆ ಗೊತ್ತಿಲ್ಲ.

ಭಾಷೆ ಕಲಿಸುವ ಆ್ಯಪಿನವರು ವಾರಕ್ಕೊಂದು ಪಟ್ಟಿ ಕಳಿಸುತ್ತಾರೆ, ಒಂದು ವಾರ ತರಕಾರಿ, ಒಂದು ವಾರ ನೆಂಟರು, ಈ ವಾರವೇ ಇದು ಬರಬೇಕೇ, ಗದ್ದಲದ ಪದಗಳು, ಮೂವತ್ತು, ಎಡಕ್ಕೆ ಸ್ಪ್ಯಾನಿಶ್ಶು, ನಡುವೆ ಇಂಗ್ಲಿಷು, ಬಲಗಡೆಯ ಖಾಲಿ ಮನೆ ನನ್ನದು. ರುಯಿದೊ, ನಾಯ್ಸ್, ಸದ್ದು — ಅದು ಸುಲಭ. ಎಸ್ತ್ರುಯೆಂದೊ, ಇಂಗ್ಲಿಷಿನಲ್ಲಿ ಡಿನ್ ಅಂತ ಹಾಕಿದ್ದಾರೆ, ಅಷ್ಟು ಸಣ್ಣ ಪದಕ್ಕೆ ಅದೆಲ್ಲಿ ದಕ್ಕೀತು, ನಾನು ಅಬ್ಬರ ಎಂದು ಬರೆದೆ, ಬರೆಯುವಾಗ ಕಣ್ಣಿಗೆ ಬಂದವನು ಅವನೇ, ಬ್ಯಾಡಗಿ ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು, ವ್ಯಾಪಾರಿಗಳು ದರ ಬರೆದು ಹಾಕಿದ ಟೆಂಡರ್ ಚೀಟಿ ಒಡೆದು ಕೂಗುತ್ತಿದ್ದ ಶಶಿಕಾಂತ, ಮೈಕು ತಗೋಳೋ ಮಾರಾಯ ಅಂದರೆ ಮೈಕು ಮದವಿ ಮನಿಗೆ ಕೊಡ್ರಿ ಅನ್ನುತ್ತಿದ್ದ, ಒಂದು ಮುಷ್ಟಿ ಮೆಣಸಿನಕಾಯಿ ಹಿಡಿದ ಬಲಗೈ ಮೇಲೆತ್ತಿ, ಲಾಟ್ ನಂಬರ್ ಇಷ್ಟು, ಇಂಥವರ ಮಾಲು, ಇಂಥವರಿಗೆ ಆತು! ಆ ಕೈ ಇಳಿದ ಮೇಲೆಯೇ ಮಂದಿ ಅಲುಗಾಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ದರ ಮೊಬೈಲಿಗೇ ಬರತೊಡಗಿತು, ಕೂಗುವವನು ಯಾರಿಗೂ ಬೇಡವಾದ, ತೂಕದ ಕಾಟಾದ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದರು. ಅಲ್ಲಿ ಕೂಗುವಂತಿಲ್ಲವೆಂದು ಮನೆಗೆ ಬಂದು ಕೂಗಿದ, ಉಪ್ಪು ಕೇಳಿದರೂ ಓಣಿಯ ತುದಿಗೆ ಕೇಳಬೇಕು, ನನ್ನನ್ನು ನಿರ್ಮಲಾ ಎಂದು ಪೂರ್ತಿ ಕರೆದವನಲ್ಲ, ನಿಮ್ಮೀ, ಲಾಟ್ ನಂಬರ್ ಒಂದು, ಬಿಸಿ ರೊಟ್ಟಿ, ಯಾರಿಗೆ ಆತು, ಶಶಿಕಾಂತಗ ಆತು! ಮೊದಮೊದಲು ನಗುತ್ತಿದ್ದೆ. ಮಕ್ಕಳಿಲ್ಲದ ಮನೆ, ಹುಟ್ಟದವರ ಪಾಲಿನ ಗಲಾಟೆಯನ್ನೂ ಅವನೊಬ್ಬನೇ ಮಾಡುತ್ತಿದ್ದ. ಬರಬರುತ್ತ ನನಗೆ ತಲೆ ಸಿಡಿಯತೊಡಗಿತು.

ಅಲ್ಗರಬಿಯಾ, ಹಬಬ್ — ಹತ್ತು ಬಾಯಿ ಒಟ್ಟಿಗೆ ಆಡುವ ಗಲಗಲ, ಅದು ಮಾವನವರ ಮನೆಯ ಊಟದ ಪಂಕ್ತಿ, ನಾನು ಹೊಸ ಸೊಸೆ, ಹೊಸರಿತ್ತಿಯ ಆಶ್ರಮದ ಶಾಲೆಯಲ್ಲಿ ನೂಲು ತೆಗೆಯುತ್ತ ಬೆಳೆದವಳು, ತಟ್ಟೆಯ ಮುಂದೆ ಕೂತು ಇಷ್ಟು ಕಿರುಚುವ ಜನರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಗ ಮಾವ ಕರಬಸಪ್ಪನವರು ಬಲಗೈ ಮೇಲೆತ್ತಿ ಅಂದರಲ್ಲ, ಸದ್ದಲೇ! — ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ದೇವರಗುಡ್ಡದ ಕಾರಣಿಕದ ದಿನ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕೈಯೆತ್ತಿ ಹಾಗೇ ಅನ್ನುತ್ತಾನೆ, ಗುಡ್ಡದ ತುಂಬ ನಿಂತ ಜನ ಒಂದೇ ಏಟಿಗೆ ಬಾಯಿ ಮುಚ್ಚುತ್ತಾರೆ, ತಾಯಂದಿರು ಕೂಸಿನ ಬಾಯಿಗೆ ಸೆರಗು ಹಿಡಿಯುತ್ತಾರೆ, ಆಮೇಲೆ ಮೇಲಿಂದ ಒಂದೇ ಸಾಲು ಬೀಳುತ್ತದೆ, ಮಳೆಯದೋ ಬೆಳೆಯದೋ, ಆ ನುಡಿ ಬಿದ್ದ ಮೇಲೆಯೇ ಜನ ಉಸಿರು ಬಿಡುವುದು. ಮಾವ ಮೈಲಾರನ ಭಕ್ತರು, ಅದನ್ನು ಮನೆಯ ರೂಢಿಯನ್ನೇ ಮಾಡಿಬಿಟ್ಟಿದ್ದರು, ಜಗಳವಿರಲಿ ನಗೆಯಿರಲಿ ಕೈಯೆತ್ತಿ ಸದ್ದಲೇ ಎಂದರೆ ಮುಗಿಯಿತು, ಆಮೇಲೆ ಅವರ ನುಡಿ, ನಾಳೆ ಎಲ್ಲಾರೂ ಮೆಣಸಿನಕಾಯಿ ಬಿಡಸಾಕ ಹೋಗೂದು, ಅಷ್ಟೇ, ಮತ್ತೆ ಗದ್ದಲ. ಅತ್ತೆ ಪ್ರೇಮವ್ವ ನನ್ನ ಕಿವಿಯಲ್ಲಿ ಹೇಳಿದ್ದರು, ಸದ್ದಲೇ ಅಂದಾವ್ರು ನುಡಿ ಕೊಡಬೇಕವಾ, ನುಡಿ ಬೀಳೂತನಾ ಯಾರೂ ಬಾಯಿ ತೆರೀಬಾರದು, ಕೊಡದ ಹೋದ್ರ ಮನಿ ಬಾಯಿ ಕಟ್ಟತೈತಿ. ಇಂಗ್ಲಿಷ್ ಎಂ.ಎ. ಮಾಡಿದವಳು ನಾನು, ಮನಸ್ಸಿನಲ್ಲೇ ನಕ್ಕೆ. ಮಾವ ಹೋದರು, ಅತ್ತೆ ಹೋದರು, ಕೈಯೆತ್ತುವ ಹಕ್ಕು ಶಶಿಕಾಂತನಿಗೆ ಬಂತು, ಅವನು ಸದ್ದಲೇ ಎಂದು ಕೊಡುತ್ತಿದ್ದ ನುಡಿಯೋ, ಇವತ್ತು ನಿಮ್ಮಿ ಮಾಡಿದ ಸಾರು ಉಪ್ಪಾಗೇತಿ.

ಅಲ್ಬೊರೋತೊ, ಕಮೋಶನ್ — ದಾಂಧಲೆ? ಅಲ್ಲ, ಅದು ತೀರಾ ಹೆಚ್ಚಾಯಿತು, ಆ ದಿನ ಅವನು ಮಾಡಿದ್ದು ದಾಂಧಲೆಯಲ್ಲ, ಬರೀ ತಮಾಷೆ, ಈಗ ಹೇಳುತ್ತಿದ್ದೇನೆ ಬರೀ ತಮಾಷೆ ಎಂದು, ಆಗ ಹೇಳಲಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಹೋಗಿತ್ತು, ದಿನಾ ಬಸ್ಸಿನಲ್ಲಿ ಓಡಾಡುವುದು ತಪ್ಪಿತಲ್ಲ ಬಿಡು ಅಂದಿದ್ದ ಅವನು, ನನಗೆ ತಪ್ಪಿದ್ದು ಬಸ್ಸಲ್ಲ, ಎದುರಿಗೆ ಕೂತು ಕೇಳುವ ಅರವತ್ತು ಮುಖ. ಈ ಆ್ಯಪಿನ ಕೆಲಸಕ್ಕೆ ವಿಡಿಯೋದಲ್ಲಿ ಸಂದರ್ಶನ, ದಸರಾ ಮುಗಿದ ಮರುವಾರ, ಒಳಕೋಣೆಯಲ್ಲಿ ಇಸ್ತ್ರಿ ಸೀರೆ ಉಟ್ಟು ಕೂತಿದ್ದೇನೆ, ಪಡಸಾಲೆಯಲ್ಲಿ ಅವನ ಗೆಳೆಯ ಉಡಚಪ್ಪ, ಜೊತೆಗೆ ನಾಲ್ಕು ಜನ ಹಮಾಲರು, ಚಹಾ, ಶಶಿಕಾಂತ ನನ್ನ ಪುಸ್ತಕದ ರಾಶಿಯನ್ನು ಹರಾಜಿಗೆ ಹಾಕಿದ್ದಾನೆ, ಲಾಟ್ ನಂಬರ್ ಐದು, ನಮ್ಮ ಮೇಡಮ್ಮಾರ ಡಿಕ್ಷನರಿ, ರಟ್ಟು ಹೋಗೇತಿ, ಮಾಲು ಗಟ್ಟಿ ಐತಿ, ಯಾರಿಗೆ? ಹೋ ಎಂದು ನಗು. ಪರದೆಯ ಮೇಲಿನ ಹುಡುಗಿ ಹುಬ್ಬು ಗಂಟಿಕ್ಕಿ, ಮೇಡಂ, ನಿಮ್ಮ ಕಡೆ ತುಂಬಾ ಗಲಾಟೆ ಇದೆ. ಎದ್ದು ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಬಲಗೈ ಮೇಲೆದ್ದಿತು, ಬಳೆ ಮೊಣಕೈಗೆ ಸರಿದವು, ಸದ್ದಲೇ! ಎಲ್ಲರೂ ಗಪ್ಪಾದರು, ಉಡಚಪ್ಪನ ಕಪ್ಪು ತುಟಿಯ ಹತ್ತಿರವೇ ನಿಂತಿತು, ಅವನು — ಅವನ ಮುಖ ಅರಳಿತು, ಅದನ್ನೇ ನಾನು ಮರೆಯಲಾರದೆ ಸಾಯುತ್ತಿರುವುದು, ಕೊನೆಗೂ ನಿಮ್ಮಿ ಆಟಕ್ಕೆ ಬಂದಳು ಎಂದುಕೊಂಡ, ಕಣ್ಣು ಹೊಳೆಸುತ್ತ ಹುಬ್ಬೇರಿಸಿ ಕಾದ, ನನ್ನ ನುಡಿಗೆ. ನಾನು ಕೈ ಇಳಿಸಿದೆ, ಒಳಗೆ ಹೋದೆ, ಬಾಗಿಲು ಹಾಕಿಕೊಂಡೆ. ಕೆಲಸ ಸಿಕ್ಕಿತು.

ಮರುದಿನ ಬೆಳಿಗ್ಗೆ ಚಹಾ ಕೊಟ್ಟಾಗ ಮತ್ತೆ ಹುಬ್ಬೇರಿಸಿದ, ಎಲ್ಲಿ ನುಡಿ ಎನ್ನುವ ಹಾಗೆ. ಕೊಡಲಿಲ್ಲ. ಕಾಯಲಿ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಮೊದಲ ವಾರ ಸ್ವರ್ಗ, ಕುಕ್ಕರಿನ ಸೀಟಿ ಎಷ್ಟೆಂದು ಮದುವೆಯಾದ ಮೇಲೆ ಮೊದಲ ಸಲ ಲೆಕ್ಕ ಸಿಕ್ಕಿತು. ಅವನದು ಹಟವೋ ಅವ್ವನ ಮಾತಿನ ಭಯವೋ, ಮನೆಯಲ್ಲಿ ಬಾಯಿ ತೆರೆಯದೆ ಹಳೆಯ ಟೆಂಡರ್ ಚೀಟಿಗಳ ಹಿಂದೆ ಬರೆದಿಡತೊಡಗಿದ, ಹಾಲು ತಂದೇನಿ, ಗ್ಯಾಸ್ ಬಂದಿತ್ತು, ಉಣ್ಣೂದಿಲ್ಲ. ನನ್ನದು ಮೊದಲು ಸೊಕ್ಕು, ಆಮೇಲೆ ನಾಚಿಕೆ, ಇಷ್ಟು ದಿನದ ಮೇಲೆ ಏನೆಂದು ಹೇಳುವುದು, ನಾಳೆ ಹೇಳಿದರಾಯಿತು, ಉಗಾದಿಗೆ ಹೇಳಿದರಾಯಿತು. ಸುಗ್ಗಿಯಲ್ಲಿ ಅವನು ಕೆಮ್ಮುತ್ತಿದ್ದ, ಗೋಡೆಯಾಚೆ ಕೇಳುತ್ತಿತ್ತು, ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರು ಕಾಯಿಲೆ ಅನ್ನುತ್ತಾರೆ, ಮಾಲು ಬಂದ ದಿನ ಊರಿಗೆ ಊರೇ ಕೆಮ್ಮುತ್ತದೆ, ಬ್ಯಾಂಕಿನವರು ಕೆಮ್ಮುತ್ತಾರೆ, ಪೂಜೆ ಮಾಡುವ ಅಯ್ಯನವರು ಮಂತ್ರದ ನಡುವೆ ಕೆಮ್ಮುತ್ತಾರೆ. ಮಾರುಕಟ್ಟೆಯವರು ದನಿ ಒಡೆದದ್ದನ್ನು ಕೇಳಿದರು, ಘಾಟಿನದು ಅಂದರು. ಮನೆಯಲ್ಲಿ ಕೇಳಬೇಕಾದವಳು ನಾನು, ನನ್ನ ಪಾಲಿಗೆ ಕೇಳಲು ಅವನ ದನಿಯೇ ಇರಲಿಲ್ಲ. ಶ್ರಾವಣದಲ್ಲಿ ಉಡಚಪ್ಪ ಹೊಸ್ತಿಲಲ್ಲೇ ನಿಂತು ಅಂದ, ವೈನಿ, ಸೀಜನ್ ಮುಗದ ಎಷ್ಟ ದಿನಾತು, ಅಣ್ಣನ ದನಿ ಇನ್ನೂ ಬಂದಿಲ್ಲ, ನಿಮಗ ಗೊತ್ತಾಗಲಿಲ್ಲೇನು? ಗೊತ್ತಾಗಲಿಲ್ಲೇನು ನಿರ್ಮಲಾ, ಒಂದೇ ಒಂದು ಸಲ ಅವನು ಉಪ್ಪು ಕೊಡು ಎಂದು ಕೂಗಿದ್ದರೆ ಸಂಕ್ರಾಂತಿಗೇ ಗೊತ್ತಾಗುತ್ತಿತ್ತು, ಆಗಿನ್ನೂ ಔಷಧಿಯಲ್ಲೇ ಹೋಗುತ್ತಿತ್ತೋ ಏನೋ, ಕೂಗದ ಹಾಗೆ ಬಾಯಿ ಕಟ್ಟಿದವಳು ನಾನು. ಗಂಟಲಿನಲ್ಲಿ ಗಡ್ಡೆ ಎಂಬ ರಿಪೋರ್ಟು ಬಂದ ದಿನ ಅವನ ಮುಂದೆ ಗೊಳೋ ಎಂದು ಅತ್ತುಬಿಟ್ಟೆ, ಅವನು ಚೀಟಿ ಬರೆದು ಕೊಟ್ಟ, ಅಳಬ್ಯಾಡ. ಅಳು ನುಡಿಯಾಗುವುದಿಲ್ಲವಲ್ಲ, ಅವನಿಗೆ ನುಡಿ ಬೇಕು.

ಎರಡು ನಲವತ್ತು. ಇಪ್ಪತ್ತೊಂಬತ್ತು ತುಂಬಿದೆ, ಒಂದು ಉಳಿದಿದೆ, ಹಲೇಯೊ, ಹಾಡುವವರನ್ನು ಹುರಿದುಂಬಿಸಲು ಸುತ್ತ ಕೂತವರು ಚಪ್ಪಾಳೆ ತಟ್ಟಿ ಮಾಡುವ ಗದ್ದಲವಂತೆ, ಇಂಗ್ಲಿಷಿನವರು ರ‍್ಯಾಕೆಟ್ ಎಂದು ಹಾಕಿ ಕೈ ತೊಳೆದುಕೊಂಡಿದ್ದಾರೆ, ನನಗೆ ಪದ ಸಿಗುತ್ತಿಲ್ಲ, ಅವನು ಯಾರಿಗಾಗಿ ಕೂಗುತ್ತಿದ್ದ, ಲಾಟ್ ನಂಬರ್ ಒಂದು ಬಿಸಿ ರೊಟ್ಟಿ, ಒಲೆಯ ಮುಂದೆ ಬೆವರುತ್ತ ಸುಮ್ಮನಿರುತ್ತಿದ್ದ ನನಗಾಗಿ ತಾನೇ, ಹಾಳಾದವಳೇ, ನಿನಗಾಗಿ — ಅಕ್ಕಾ, ಏಳ್ರಿ, ಸ್ಟ್ರೆಚರ್ ಬಂತು, ಒಂದೆರಡು ನಿಮಿಷ ಮಾತಾಡಿ ಬಿಡ್ರಿ ಲಗೂನ, ಶಬನಮ್, ಆಗಿನಿಂದ ಎರಡು ಸಲ ನನಗೆ ನೀರು ತಂದುಕೊಟ್ಟ ನರ್ಸು, ಹೆಗಲು ಮುಟ್ಟುತ್ತಿದ್ದಾಳೆ. ಎದ್ದೆ. ಏನು ಹೇಳಲಿ, ತಪ್ಪಾತು ಎನ್ನಲೇ, ಅದು ಚಿಕ್ಕದಾಯಿತು, ಧೈರ್ಯಾ ತಗೋರಿ ಎನ್ನಲೇ, ಅದು ನೆಂಟರ ಮಾತು, ಏಳು ಹೆಜ್ಜೆ, ಐದು, ಬಾಗಿಲು. ಹಸಿರು ಅಂಗಿಯಲ್ಲಿ ಎಷ್ಟು ಸಣ್ಣ ಕಾಣುತ್ತಿದ್ದಾನೆ, ಅವನ ಕೈಗಡಿಯಾರ ಉಡಚಪ್ಪನ ಮುಷ್ಟಿಯಲ್ಲಿ, ನನ್ನನ್ನು ಕಂಡು ಹುಬ್ಬೇರಿಸಿದ, ಅಯ್ಯೋ ದೇವರೇ, ಈಗಲೂ, ಸ್ಟ್ರೆಚರಿನ ಮೇಲೂ, ಅದೇ ಹುಬ್ಬು. ನನ್ನ ಬಲಗೈ ತಾನೇ ಮೇಲೆದ್ದಿತು, ಬಳೆ ಸರಿದವು, ಸದ್ದಲೇ ಅನ್ನಲಿಲ್ಲ, ಅದನ್ನು ಎಂದೋ ಅಂದಾಗಿದೆ, ಉಳಿದದ್ದನ್ನು ಅಂದೆ, ನಿಮ್ಮ ಗದ್ದಲಿಲ್ಲದ ಮನ್ಯಾಗ ನನಗ ಇರಾಕ ಆಗೂದಿಲ್ರಿ. ನುಡಿ ಬಿತ್ತು. ಉಡಚಪ್ಪ ಗೋಡೆಯ ಕಡೆ ತಿರುಗಿಕೊಂಡ. ಅವನು ಕಣ್ಣು ಮುಚ್ಚಿ ತೆರೆದ, ತುಟಿ ಅಲುಗಿತು, ಬಾಗಿದೆ, ಓಣಿಯ ತುದಿಗೆ ಕೇಳುತ್ತಿದ್ದ ದನಿ, ಬಾಯಿಗೆ ಕಿವಿ ಹಚ್ಚಿದರೂ ಕಷ್ಟದಿಂದ ಕೇಳಿತು — ಇಷ್ಟ ಲಗೂನ?

ನಕ್ಕ, ನಗು ಕೆಮ್ಮಾಯಿತು, ಗೋಡೆಯಾಚೆಯದೇ ಆ ಕೆಮ್ಮು, ಇನ್ನೊಂದು ಮಾತು, ಏನಾದರೂ ಅನ್ನಿ, ನಿಮ್ಮಿ ಅನ್ನಿ, ಸಾರು ಉಪ್ಪು ಅನ್ನಿ, ಸಾಕ್ರಿ ಅಕ್ಕಾ ಟೈಮಾತು, ಗಾಲಿ ಉರುಳುತ್ತಿವೆ ಗರಗರ, ಈ ಗಾಲಿಯ ಸದ್ದಿನಲ್ಲಿ ಏನೂ ಕೇಳದು, ನಿಲ್ಲಿಸಿ ಇದನ್ನು, ಹಿಂದೆ ಹಿಂದೆ ನಡೆಯುತ್ತಿದ್ದೇನೆ, ತುಟಿಗೆ ಬೆರಳಿಟ್ಟವಳು, ಫ್ಯಾನು, ಕಟ್ ಕಟ್, ಬಾಗಿಲು ತೆರೆಯಿತು, ಹೊದಿಕೆಯೊಳಗಿನಿಂದ ಅವನ ಬಲಗೈ ಮೇಲೆದ್ದಿತು, ಮೆಣಸಿನಕಾಯಿ ಹಿಡಿದಂತೆ ಮುಷ್ಟಿ ಕಟ್ಟಿ, ಬಾಯಿ ತೆರೆದಿದ್ದಾನೆ, ಏನೋ ಕೂಗುತ್ತಿದ್ದಾನೆ, ಲಾಟ್ ನಂಬರ್, ಯಾರಿಗೆ, ಯಾರಿಗೆ ಆತು ಶಶಿಕಾಂತಾ, ಬಾಗಿಲು ಮುಚ್ಚಿತು, ಅದರ ದುಂಡು ಗಾಜಿನಲ್ಲಿ ಕೈ, ಇನ್ನೂ ಮೇಲೇ ಇದೆ, ಆ ಕೈ ಇಳಿಯದೆ ನಾನು ಅಲುಗಲಾರೆ, ಕೈ, ಎತ್ತಿದ ಕೈ, ಕೈ