ವಿಲೋ ಫೋರ್ಕಿಗೆ ಹೋದ ಕಾರ್ಡು

ಲೋರ್ನಾ ಫೋನ್ ಮಾಡಿದಾಗ ಶೀತಲ್ ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ಮನೆಯಿಂದ ಫಾಸ್ಟರ್ ಸಿಟಿಯ ಆಫೀಸಿಗೆ ಹೊರಟು ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಳು.

"ಯಾವತ್ತು ಬರ್ತೀಯಾ? ಮೊದಲೇ ಹೇಳಿದ್ರೆ ನಿನ್ನ ಹಳೇ ರೂಮಿಗೆ ಬಣ್ಣ ಹೊಡೆಸ್ತಿದ್ದೆ," ಅಂದಳು ಲೋರ್ನಾ. ನೆಬ್ರಾಸ್ಕಾದ ವಿಲೋ ಫೋರ್ಕ್ ಎಂಬ ಪುಟ್ಟ ಊರಿನ ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷದಿಂದ ನರ್ಸಾಗಿರುವವಳು.

"ಬರೋದಾ? ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಮನೆಗೂ ಕಾರ್ಡು ಬಂದಿದೆ. ನಿನ್ನ ಫೋಟೋ ಇದೆ. 'ನಿಮ್ಮ ಡಾಕ್ಟರ್ ಶೀತಲ್ ಮತ್ತೆ ನಿಮ್ಮೊಂದಿಗೆ' ಅಂತ ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ಡೇಲ್ ಓದಿ ಅತ್ತೇಬಿಟ್ಟ."

ಶೀತಲ್ ಫ್ರೀವೇಯಿಂದ ಇಳಿದು ಕಾರು ನಿಲ್ಲಿಸಿದಳು. ಲೋರ್ನಾ ಕಳಿಸಿದ ಕಾರ್ಡಿನ ಚಿತ್ರ ಫೋನಿನಲ್ಲಿತ್ತು. ಬಿಳಿ ಕೋಟು ತೊಟ್ಟು ನಗುತ್ತಿದ್ದವಳು ಅವಳೇ. ಕೆಳಗೆ ಸಣ್ಣಕ್ಷರದಲ್ಲಿ ಅವಳು ಕೆಲಸ ಮಾಡುವ, ಸ್ಕ್ರೀನಿನ ಮೇಲೇ ರೋಗಿಗಳನ್ನು ನೋಡುವ ಕಂಪನಿಯ ಹೆಸರು.

ಬಾಗಲಕೋಟೆಯ ಶೀತಲ್ ಓದು ಮುಗಿಸಿದಾಗ, ಈ ದೇಶದಲ್ಲಿ ಉಳಿಯಬೇಕಾದರೆ ಡಾಕ್ಟರಿಲ್ಲದ ಊರಲ್ಲಿ ಮೂರು ವರ್ಷ ಕೆಲಸ ಮಾಡಬೇಕಿತ್ತು. ಹಾಗೆ ಸಿಕ್ಕ ಊರು ವಿಲೋ ಫೋರ್ಕ್. ಒಂದೇ ರಸ್ತೆ, ಜೋಳ ತುಂಬುವ ಒಂದು ದೊಡ್ಡ ಕಣಜ, ಒಂದು ಗ್ಯಾಸ್ ಸ್ಟೇಷನ್, ಇನ್ನೂರ ಹದಿನಾಲ್ಕು ಜನ. ಆಸ್ಪತ್ರೆ ಎಪ್ಪತ್ತು ಮೈಲಿ ಆಚೆ. ಕಣಜ ನೋಡಿಕೊಳ್ಳುವ ಡೇಲ್ ಒಂದು ಹಿಮಗಾಳಿಯ ದಿನ ಎದೆ ಹಿಡಿದುಕೊಂಡು ಕ್ಲಿನಿಕ್ಕಿನ ಬಾಗಿಲಲ್ಲೇ ಕುಸಿದಿದ್ದ. ಹೆಲಿಕಾಪ್ಟರ್ ಬರುವ ತನಕ, ಎರಡು ಗಂಟೆ, ಅವಳೂ ಲೋರ್ನಾಳೂ ಸೇರಿ ಅವನ ಜೀವ ಉಳಿಸಿಕೊಂಡಿದ್ದರು. ಮೂರು ವರ್ಷ ಮುಗಿದಾಗ ಶೀತಲ್ ಗಂಡ ನವೀನನಿದ್ದ ಸ್ಯಾನ್ ಹೋಸೆಗೆ ಬಂದಳು. ಆಮೇಲೆ ವಿಲೋ ಫೋರ್ಕಿನಲ್ಲಿ ಯಾವ ಡಾಕ್ಟರೂ ನಿಲ್ಲಲಿಲ್ಲ.

ಆಫೀಸು ಮುಟ್ಟಿದವಳು ನೇರ ಶಿವಪ್ರಸಾದನ ರೂಮಿಗೆ ನುಗ್ಗಿದಳು. ಸಣ್ಣ ಊರುಗಳ ಕ್ಲಿನಿಕ್ಕುಗಳನ್ನು ಕಂಪನಿಯ ಕೈಗೆ ತರುವುದು ಅವನ ಕೆಲಸ. ದಾವಣಗೆರೆಯವನು.

"ಈ ಕಾರ್ಡು ಕಳಿಸಿದ್ದು ಯಾರು?"

"ಓ, ತಲುಪಿತಾ? ಕೂತ್ಕೊಳ್ಳಿ ಮೇಡಂ. ಇವತ್ತು ಸಂಜೆ ಅಲ್ಲಿ ಊರಿನ ಕ್ಲಿನಿಕ್ ಬೋರ್ಡಿನ ಮೀಟಿಂಗು. ಕ್ಲಿನಿಕ್ಕನ್ನ ನಮಗೆ ಬಿಟ್ಟುಕೊಡೋದಾ ಬೇಡ್ವಾ ಅಂತ ವೋಟ್ ಹಾಕ್ತಾರೆ. ನಿಮ್ಮ ಮುಖ ನೋಡಿದ್ರೆ ಅವರಿಗೆ ನಂಬಿಕೆ ಬರುತ್ತಲ್ಲ."

"ನನ್ನನ್ನ ಕೇಳಿದ್ರಾ?"

"ಕೆಲಸಕ್ಕೆ ಸೇರುವಾಗ ಸೈನ್ ಮಾಡಿದ್ದೀರಿ ಮೇಡಂ, ಫೋಟೋ ಬಳಸ್ಕೋಬಹುದು ಅಂತ."

"ವೋಟ್ ಆದ್ಮೇಲೆ ಏನ್ಮಾಡ್ತೀರಿ?"

"ಕ್ಲಿನಿಕ್ ಕ್ಲೋಸು. ಗ್ಯಾಸ್ ಸ್ಟೇಷನ್ನಲ್ಲಿ ಒಂದು ಸ್ಕ್ರೀನ್ ಇಡ್ತೀವಿ. ಬಟನ್ ಒತ್ತಿದ್ರೆ ಯಾರಾದ್ರೂ ಡಾಕ್ಟರ್ ಸಿಗ್ತಾರೆ."

"ನಾನು ಸಿಗ್ತೀನಾ?"

"ನೀವು ಮೊದಲನೇ ಪೇಜಲ್ಲಿ ವೆಲ್‌ಕಮ್ ಹೇಳ್ತೀರಿ, ಅಷ್ಟೇ." ಅವನು ನಕ್ಕ. "ಇನ್ನೂರ ಹದಿನಾಲ್ಕು ಜನ ಮೇಡಂ! ನಮ್ಮ ಅಪಾರ್ಟ್‌ಮೆಂಟಲ್ಲಿ ಅದಕ್ಕಿಂತ ಜಾಸ್ತಿ ಜನ ಇದಾರೆ."

ಶೀತಲ್‌ಳ ಕಿವಿ ಕಾದವು. "ಅದರಲ್ಲಿ ಒಬ್ಬನ ಎದೆಬಡಿತ ನಿಂತಾಗ ಈ ಕೈಯಲ್ಲಿ ಒತ್ತಿದ್ದೀನಿ. ನಿಮ್ಮ ಸ್ಕ್ರೀನಿಗೆ ಎದೆ ಒತ್ತೋಕೆ ಬರುತ್ತಾ?"

"ಇಷ್ಟು ಎಮೋಷನಲ್ ಆಗ್ಬೇಡಿ. ನೀವು ಕನ್ನಡದವರು, ನಮ್ಮವರು ಅಂತ ಹೇಳ್ತಿದ್ದೀನಿ..."

"ನಮ್ಮವರು ಅನ್ನಬೇಡಿ!" ಅವಳ ಕೂಗಿಗೆ ಹೊರಗೆ ಕೂತಿದ್ದವರೆಲ್ಲ ತಲೆ ಎತ್ತಿದರು. ಕೊರಳಲ್ಲಿದ್ದ ಬ್ಯಾಡ್ಜು ಕಿತ್ತು ಅವನ ಮೇಜಿನ ಮೇಲೆ ಎಸೆದಳು. "ನಾನು ಇವತ್ತಿಂದ ಇಲ್ಲಿಲ್ಲ."

ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ನವೀನನಿಗೆ ಫೋನಿನಲ್ಲಿ ಹೇಳಿದಾಗ ಅವನು, "ಅಲ್ಲ, ಒಂದ್ ದಿನ ವಿಚಾರ ಮಾಡಬೇಕಿತ್ತಿಲ್ಲೋ?" ಅಂದ.

"ಏನ್ ವಿಚಾರ ಮಾಡ್ಲಿ? ನನ್ನ ಮಾರಿ ತೋರಿಸಿ ಆ ಮಂದಿಗೆ ಮೋಸ ಮಾಡಾಕತ್ತಾರ!"

ಸಂಜೆ ಐದಕ್ಕೆ, ಅಲ್ಲಿಯ ಏಳಕ್ಕೆ, ವಿಲೋ ಫೋರ್ಕಿನ ಚರ್ಚ್ ಹಾಲಿನಲ್ಲಿ, ಶೀತಲ್ ಕೇಳಿಕೊಂಡಂತೆ, ಲೋರ್ನಾ ತನ್ನ ಫೋನನ್ನು ಮೈಕಿನ ಹತ್ತಿರ ಹಿಡಿದಳು. ಶೀತಲ್ ಎಲ್ಲವನ್ನೂ ಹೇಳಿದಳು. ತಾನು ಬರುತ್ತಿಲ್ಲ, ಕಂಪನಿಗೆ ಬಿಟ್ಟುಕೊಟ್ಟರೆ ಕ್ಲಿನಿಕ್ ಮುಚ್ಚುತ್ತದೆ, ಬದಲಿಗೆ ಒಂದು ಸ್ಕ್ರೀನ್ ಬರುತ್ತದೆ, ಲೋರ್ನಾಳ ಕೆಲಸವೂ ಹೋಗುತ್ತದೆ. ಮೊದಲು ಕೇಳಿದ್ದು ಲೋರ್ನಾಳ ದನಿ. ಬೆಳಗಿನ ದನಿಯಲ್ಲ.

"ಮೂರು ವರ್ಷ ಮುಗಿದ ವಾರವೇ ನೀನು ಪೆಟ್ಟಿಗೆ ಕಟ್ಟಿದೆ. ಏಳು ವರ್ಷದಲ್ಲಿ ಒಂದು ಸಲ ಈ ಕಡೆ ತಿರುಗಿ ನೋಡಲಿಲ್ಲ. ಈಗ ಅಲ್ಲಿ ಕೂತು ನಮಗೆ ಅದೂ ಬೇಡ ಅಂತೀಯಾ? ಸ್ಕ್ರೀನಾದರೂ ಇಲ್ಲೇ ಇರ್ತಿತ್ತು."

ಶೀತಲ್‌ಗೆ ಉರಿದುಹೋಯಿತು. ಇವರಿಗೋಸ್ಕರ ಕೆಲಸ ಬಿಟ್ಟೆನಲ್ಲ ಎಂದು ಬಾಯಿತನಕ ಬಂತು. ಆದರೆ ಲೋರ್ನಾ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ನಿಜ," ಅಂದಳು. "ನನ್ನನ್ನ ಬೈಯಿರಿ. ಆದರೆ ನಾನು ಬರ್ತೀನಿ ಅಂತ ನಂಬಿ ವೋಟ್ ಹಾಕ್ಬೇಡಿ."

ಎರಡರ ವಿರುದ್ಧ ಮೂರು ವೋಟಿನಿಂದ ಊರಿನ ಬೋರ್ಡು ಕಂಪನಿಯನ್ನು ಬೇಡವೆಂದಿತು. ಆಫೀಸಿನ ಗುಟ್ಟು ಹೊರಗೆ ಹೇಳಿದ್ದಕ್ಕೆ ಕಂಪನಿಯ ವಕೀಲರು ಶೀತಲ್‌ಗೆ ನೋಟೀಸು ಕಳಿಸಿದರು. ವಿಲೋ ಫೋರ್ಕಿನಿಂದ ಒಂದು ಥ್ಯಾಂಕ್ಸೂ ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಲೋರ್ನಾ ಒಬ್ಬಳೇ ವಾರಕ್ಕೆ ಮೂರು ದಿನ ಬಾಗಿಲು ತೆರೆಯುತ್ತಿದ್ದಳು.

ವಿಲೋ ಫೋರ್ಕಿಗೆ ಹೋಗುತ್ತೀರಾ ಎಂದು ಶೀತಲ್ ತನಗೆ ಗೊತ್ತಿದ್ದ ಡಾಕ್ಟರುಗಳಿಗೆಲ್ಲ ಫೋನ್ ಮಾಡಿದಳು. ಇಂಡಿಯನ್ ಗ್ರೋಸರಿ ಎಷ್ಟು ದೂರ ಎಂದು ಕೇಳಿದ ಒಬ್ಬನಿಗೆ ಬೈದು ಫೋನಿಟ್ಟಳು. ಆಮೇಲೆ, ಏಳು ವರ್ಷದ ಹಿಂದೆ ತಾನೂ ಅದನ್ನೇ ಕೇಳಿಕೊಂಡು ಹೊರಟುಬಂದವಳಲ್ಲವೇ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು. ಅವಧಿ ಮುಗಿದಿದ್ದ ನೆಬ್ರಾಸ್ಕಾದ ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಿದಳು. ಅದು ಕೈಗೆ ಬಂದ ದಿನ ಲೋರ್ನಾಳಿಗೆ ತಾನೇ ಫೋನ್ ಮಾಡಿದಳು.

"ತಿಂಗಳಿಗೆ ಐದು ದಿನ ಬರಬಲ್ಲೆ. ಅದಕ್ಕಿಂತ ಹೆಚ್ಚು ಆಗಲ್ಲ. ಸುಳ್ಳು ಹೇಳಲ್ಲ."

"ಬಾ," ಅಂದಳು ಲೋರ್ನಾ. "ಆದರೆ ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ."

"ನನ್ನ ಮೇಲೆ ನನಗೂ ಇಳಿದಿಲ್ಲ," ಅಂದಳು ಶೀತಲ್.