ತಗ್ಗಿನ ಜಾಗ

ಹೊನ್ನವಳ್ಳಿಯಲ್ಲಿ ಬಸ್ಸಿಳಿದಾಗ ಪುಟ್ಟಗಂಗಮ್ಮನ ಸೀರೆಯಂಚು ಇನ್ನೂ ಉಪ್ಪುನೀರಿಗೆ ಬಿರುಸಾಗಿತ್ತು. ಬಾಣಂತನ ಮುಗಿಸಿ ಮಗಳು ನಿಂಗಮ್ಮನನ್ನೂ ಕೂಸನ್ನೂ ಮಂಗಳೂರಿಗೆ ಬಿಟ್ಟುಬರಲು ಹೋದವಳು, ಇಬ್ಬರನ್ನೂ ವಾಪಸು ಕರೆದುಕೊಂಡೇ ಬಂದಿದ್ದಳು. ದಾರಿಯುದ್ದಕ್ಕೂ ಗಂಡ ಹುಚ್ಚರಂಗಯ್ಯನನ್ನು ಮನಸ್ಸಿನಲ್ಲೇ ಬೈದಿದ್ದಳು, ಆದರೂ ಸಿಟ್ಟು ತೀರಿರಲಿಲ್ಲ.

ಅಳಿಯ ಅಲ್ಲಿ ಹೆಂಚಿನ ಕಾರ್ಖಾನೆಯಲ್ಲಿದ್ದ. ಮನೆ ಕಟ್ಟಲು ಎರಡು ಜಾಗ ನೋಡಿದ್ದ. ಒಂದು ಗುಡ್ಡದ ಮೇಲೆ, ಇನ್ನೊಂದು ಹೊಳೆ ಸಮುದ್ರ ಸೇರುವ ಕಡೆ, ಕೆಳಗೆ. ಹುಚ್ಚರಂಗಯ್ಯ ಹೋಗಿ ನೋಡಿದವನೇ ತೀರ್ಪು ಕೊಟ್ಟ: ಮೇಲೆ ಬರೀ ಕೆಂಪು ಕಲ್ಲು, ಹುಲ್ಲೂ ಹುಟ್ಟದು. ಜಾಗವೆಂದರೆ ತಗ್ಗಿನದು. ಕೆರೆ ಹಿಂದಿನ ತಗ್ಗಿನ ತೋಟದಿಂದ ಉದ್ಧಾರವಾದ ವಂಶ ಅವನದು, ಬೇರೆ ಮಾತು ಕಿವಿಗೆ ಬೀಳಲಿಲ್ಲ. ದುಡ್ಡು ಮಾವನದು, ಅಳಿಯ ತಗ್ಗಿನಲ್ಲೇ ಮನೆ ಕಟ್ಟಿದ.

ಆ ಜಾಗದ ಚಂದವನ್ನು ಪುಟ್ಟಗಂಗಮ್ಮ ಹುಣ್ಣಿಮೆಯ ದಿನ ಕಣ್ಣಾರೆ ಕಂಡಳು. ಮಳೆಯ ಹನಿಯಿಲ್ಲ, ಮಟಮಟ ಮಧ್ಯಾಹ್ನ. ಸಮುದ್ರ ಉಬ್ಬಿ, ಹೊರಗೆ ಹೋಗಬೇಕಾದ ಮೋರಿಯಿಂದಲೇ ನೀರು ಒಳಗೆ ಬಂತು. ತೊಟ್ಟಿಲ ಕೆಳಗೆಲ್ಲ ಕೊಳಕು. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೂ ಹೀಗೇ ಎಂದು ನಿಂಗಮ್ಮ ಪೊರಕೆ ಕೈಗೆತ್ತಿಕೊಂಡಳು. ಅಪ್ಪ ನೊಂದುಕೊಂಡಾನೆಂದು ಹೇಳಿರಲಿಲ್ಲವಂತೆ.

ಮನೆಗೆ ಬಂದರೆ ಹುಚ್ಚರಂಗಯ್ಯ ಅಟ್ಟದ ಮೇಲಿದ್ದ. ನೆಲದ ಶೀತ ತಾಗದಂತೆ ವರ್ಷವಿಡೀ ಅಲ್ಲಿ ಕಾಪಾಡಿದ್ದ ಕಾಯಿಗಳನ್ನು ಕಿವಿಯ ಬಳಿ ಕುಲುಕಿ, ಒಳಗೆ ಕೊಬ್ಬರಿ ಒಣಗಿದೆಯೇ ಎಂದು ನೋಡುತ್ತಿದ್ದ. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕಾಯಿಗೆ ಅಟ್ಟ ಬೇಕು ಅಂತ ಗೊತ್ತಿತ್ತು. ಮಗಳಿಗೆ ಗುಂಡಿ ಸಾಕು ಅನ್ನುಸ್ತಾ ನಿಮ್ಗೆ?"

ನಡೆದದ್ದನ್ನೆಲ್ಲ ಕೇಳಿಯೂ ಅವನು ಸೋಲಲಿಲ್ಲ. ನಾಲ್ಕು ಗಾಡಿ ಮಣ್ಣು ಹೊಡೆಸಿದರೆ ಸರಿಹೋಗುತ್ತದೆ ಎಂದು ಮತ್ತೊಂದು ಕಾಯಿ ಕುಲುಕಿದ. ಪುಟ್ಟಗಂಗಮ್ಮ ಅಟ್ಟದ ಏಣಿ ಎತ್ತಿ ಹೊರಗೆ ದನದ ಹಟ್ಟಿಯ ಗೋಡೆಗೆ ಒರಗಿಸಿದಳು. ತಗ್ಗಿನ ತೋಟ ಮಾರಿ ಗುಡ್ಡದ ಮೇಲೆ ಮನೆ ಕೊಡಿಸುವ ತನಕ ಅಲ್ಲೇ ಕೂತಿರಿ ಎಂದಳು. ಅವನು ರೇಗಿದ, ಅಪ್ಪನ ಆಸ್ತಿ ಎಂದ. ಅವಳು ಒಲೆ ಹಚ್ಚಿದಳು.

ಹೊತ್ತು ಇಳಿಯಿತು. ಕೆಳಗೆ ಕೂಸು ಕೆಮ್ಮತೊಡಗಿತು, ನಿಲ್ಲಲೇ ಇಲ್ಲ. ಅಟ್ಟದಲ್ಲಿ ಕಾಯಿಯ ಸದ್ದು ನಿಂತಿತು.

"ಯಾವಾಗಿಂದ ಕೆಮ್ಮು?" ಎಂದ ಹುಚ್ಚರಂಗಯ್ಯ.

"ನೀವು ಆರಿಸಿದ್ ಜಾಗಕ್ಕೆ ಹೋದಾಗಿಂದ."

ಹುಚ್ಚರಂಗಯ್ಯ ಕೈಯಲ್ಲಿದ್ದ ಕಾಯಿಯನ್ನು ರಾಶಿಗಿಟ್ಟು ಅಟ್ಟದ ಅಂಚಿಗೆ ಸರಿದ. ಆಮೇಲೆ ಅವನು ಮೆಲ್ಲಗೆ, "ತೋಟ ಮಾರ್ತೀನಿ. ಏಣಿ ಮಡುಗು," ಎಂದ.

ಅವಳು ಏಣಿ ತಂದಿಟ್ಟಳು. ಅವನು ಇಳಿದು ಬಂದು ಕೂಸಿಗೆ ಕೈ ಚಾಚಿದ. ಪುಟ್ಟಗಂಗಮ್ಮ ಕೊಡಲಿಲ್ಲ.

"ಗುಡ್ಡದ್ ಮೇಲಿನ್ ಮನೇಲಿ ಎತ್ಕೊಳ್ಳೀರಂತೆ," ಎಂದಳು.