ಏಳು ಮನೆಯ ಯಂತ್ರಗಳು

ಬೆಗಾಯಿಮ್ ಬಟ್ಟೆ ಹರಿಯುತ್ತಿದ್ದಳು. ಸಾವಿಗೆ ಬಂದ ಹೆಂಗಸರಿಗೆಲ್ಲ ಒಂದೊಂದು ತುಂಡು ಕೊಟ್ಟು ಕಳಿಸಬೇಕು. ಕಂಬಳಿ ಗುಡಾರದ ಪರದೆಯಾಚೆ ಅವಳ ಅಪ್ಪ ಎರ್ಮೆಕ್‌ನ ಹೆಣವಿತ್ತು. ಅಂಗಳದಲ್ಲಿ ಗಂಡಸರು ಶೋಕದ ಕೋಲೂರಿ ಸಾಲಾಗಿ ನಿಂತು ಅಳುತ್ತಿದ್ದರು.

ಮಡಿಲಲ್ಲಿದ್ದ ಫೋನನ್ನು ಮತ್ತೆ ನೋಡಿದಳು. ಏಳು ಚುಕ್ಕೆ, ಏಳೂ ಕೆಂಪು.

"ಅತ್ತೆ, ಏಳು ಮನೆಯವ್ರೂ ಮೇನ್ ಸ್ವಿಚ್ ಆರಿಸಿ ಬಂದುಬಿಟ್ಟಿದಾರೆ. ಅಪ್ಪನ ಕಂಪ್ಯೂಟರು ಒಂದೂ ನಡೀತಿಲ್ಲ."

"ಮನೆಗೆ ಬೀಗ ಹಾಕಿ ಹೊರಟೋರು ಆರಿಸ್ದೆ ಇನ್ನೇನ್ಮಾಡ್ತಾರೆ?" ಎಂದಳು ಎರ್ಮೆಕ್‌ನ ಅಕ್ಕ ಬುರುಲ್.

"ಆಂಬುಲೆನ್ಸ್ ಕಚೇರಿಗೆ ತಿದ್ದಿದ ತಂತ್ರಾಂಶ ಇವತ್ತೇ ಹೋಗ್ಬೇಕು. ಬೀದಿಗಳ ಹೆಸರು ಬದಲಾಗಿ ಗಾಡಿಗಳು ತಪ್ಪು ಮನೆಗೆ ಹೋಗ್ತಿವೆ. ನಿನ್ನೆ ಒಬ್ಬ ಬಸುರಿ ಎರಡು ಗಂಟೆ ಕಾದಳಂತೆ. ಹೊರಗೆ ಹೋಗಿ ಹೇಳಿ ಬರ್ಲಾ?"

"ಮಗಳಾದೋಳು ಗುಡಾರ ಬಿಟ್ಟು ಏಳೋ ಹಾಗಿಲ್ಲ. ಇವತ್ತು ನಿನ್ನ ಬಾಯಲ್ಲಿ ಅಳು ಬಿಟ್ಟು ಬೇರೆ ಮಾತು ಬರಬಾರ್ದು. ಬೆಳಗಿನಿಂದ ಅದೂ ಬಂದಿಲ್ಲ."

*

ಕಂಪನಿ ಚಿಕ್ಕದು. ಎರ್ಮೆಕ್ ಏಳು ಹಳೆಯ ಕಂಪ್ಯೂಟರುಗಳನ್ನು ಏಳು ನೆಂಟರ ಮನೆಗಳಲ್ಲಿಟ್ಟಿದ್ದ. ತಂತ್ರಾಂಶ ಕಟ್ಟುವ ಕೆಲಸವನ್ನು ಅವುಗಳಿಗೆ ಹಂಚುವುದು, ಸಿದ್ಧವಾದ ತುಂಡುಗಳನ್ನು ಜೋಡಿಸುವುದು, ಪರೀಕ್ಷಿಸಿ ಕಳಿಸುವುದು, ಎಲ್ಲ ತಾನಾಗಿ ನಡೆಯುವಂತೆ ಮಾಡಿದ್ದ. ಆದರೂ ಸಂಜೆ ಏಳು ಮನೆಗೂ ಫೋನ್ ಮಾಡುತ್ತಿದ್ದ. ಮೊದಲು ಹಸುವಿನ ಕೆಚ್ಚಲುಬಾವು, ಮೊಮ್ಮಗಳ ಹಲ್ಲು. ಯಂತ್ರದ ಮಾತು ಕೊನೆಗೆ.

"ತಾನಾಗೇ ನಡೆಯತ್ತೆ ಅಂತೀಯ, ಮತ್ಯಾಕಪ್ಪ ಫೋನು?" ಶಾಲೆ ಬಿಟ್ಟು ಅವನ ಪಕ್ಕ ಕೂತು ಕೆಲಸ ಕಲಿಯುತ್ತಿದ್ದ ಬೆಗಾಯಿಮ್ ಕೇಳಿದ್ದಳು.

"ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸೋದು ಯಂತ್ರ ಅಲ್ಲ ಕಣೆ, ನಿನ್ನ ಚಿಕ್ಕಮ್ಮ."

*

ಹೊಸದಾಗಿ ಬಂದವರು ಗೇಟಿನಲ್ಲೇ ಗೋಳಿಟ್ಟರು. ಒಳಗೆ ಹೆಂಗಸರು ದನಿಗೂಡಿಸಿದರು. ಬೆಗಾಯಿಮ್ ಶೋಕದ ಹಾಡು ಹಾಡುವವರ ರೂಢಿಯಂತೆ ಗುಡಾರದ ಗೋಡೆಗೆ ಮುಖ ಮಾಡಿ, ಕೈಗಳನ್ನು ಸೊಂಟಕ್ಕೆ ಕೊಟ್ಟು, ಮೊದಲ ಸಲ ದನಿಯೆತ್ತಿದಳು.

"ಏಳು ಮನೆಗೆ ಕೆಲಸ ಹಂಚಿ ಒಂದು ಮಾಡಿದ ನನ್ನಪ್ಪ,
ನೀ ಹೋದ ದಿನವೇ ಏಳೂ ಮನೆ ಕತ್ತಲಾಯಿತಲ್ಲಪ್ಪ.
ಕುದುರೆ ಸಾಕೋ ಸಾಪರಾಲಿ ಮಾವ ಬಂದವ್ನೆ ಅಂಗಳಕೆ,
ಸ್ವಿಚ್ಚು ಇಳಿಸಿದ ಕೈಯಲ್ಲೇ ಎತ್ತಬಾರದೆ ಮ್ಯಾಲಕ್ಕೆ?"

ಹೊರಗಿನ ಅಳು ತಟ್ಟನೆ ನಿಂತಿತು.

"ನನ್ನ ಹೆಸರು ಹಿಡಿದು ಅಳ್ತಿದಾಳಲ್ಲಪ್ಪ," ಎಂದ ಸಾಪರಾಲಿ.

"ಅಳೋದಲ್ಲ ಮಾರಾಯ, ಬಯ್ಯೋದು. ಮೊದಲು ಫೋನ್ ಮಾಡು," ಎಂದಿತು ಇನ್ನೊಂದು ದನಿ. "ಹಾಡಿನ ಮುಂದಿನ ಸಾಲಲ್ಲಿ ನಾನೇ ಬರ್ತೀನೋ ಏನೋ."

"ಪಕ್ಕದ್ಮನೆ ಅಜ್ಜೀ," ಸಾಪರಾಲಿ ಫೋನಿನಲ್ಲಿ ಕೂಗಿದ, "ನಮ್ಮ ಹೊರಗೋಡೆ ಮೇಲಿನ ಸ್ವಿಚ್ ಎತ್ತು. ಯಾಕೆ ಅಂತ ಕೇಳ್ಬೇಡ, ಸತ್ತೋನು ಕೇಳ್ತಿದಾನೆ."

ಬೆಗಾಯಿಮ್ ಉಳಿದ ಆರು ಮನೆಗಳ ಹೆಸರನ್ನೂ ಬಿಡದೆ ಹಾಡಿದಳು. ಒಂದೊಂದೇ ಚುಕ್ಕೆ ಹಸಿರಾಯಿತು. ಬುರುಲ್ ಫೋನಿನತ್ತ ಒಮ್ಮೆ ಬಗ್ಗಿ ನೋಡಿ, ತಮ್ಮನ ಮಗಳ ಮಡಿಲಿನ ಬಟ್ಟೆಯನ್ನು ತಾನು ತೆಗೆದುಕೊಂಡು ಹರಿಯತೊಡಗಿದಳು.

ನಮಾಜು ಮುಗಿದು ಗಂಡಸರು ಚಟ್ಟ ಎತ್ತುವ ಹೊತ್ತಿಗೆ ಯಂತ್ರಗಳ ಕೆಲಸ ಮುಗಿಯಿತು. ತಿದ್ದಿದ ತಂತ್ರಾಂಶ ತಲುಪಿತೆಂದು ಆಂಬುಲೆನ್ಸ್ ಕಚೇರಿಯಿಂದ ಉತ್ತರ ಬಂತು. ಹೆಣ ಹೊರಟ ಮೇಲೆ ಮಗಳು ಗುಡಾರ ಬಿಡಬಹುದು; ಅವಳು ಗೇಟಿನವರೆಗೆ ಓಡಿದಳು. ಅಲ್ಲಿಂದಾಚೆ ಹೆಂಗಸರು ಹೋಗುವಂತಿಲ್ಲ.

ಚಟ್ಟ ಆಗಲೇ ಬೀದಿಗಿಳಿದಿತ್ತು. ನಾಲ್ಕು ಹೆಜ್ಜೆಗೊಬ್ಬ ಹೆಗಲು ಕೊಡುತ್ತಿದ್ದ, ಇನ್ನೊಬ್ಬ ಸರಿದು ಹಿಂದಕ್ಕೆ ಬರುತ್ತಿದ್ದ. ಯಾರ ಮೇಲೂ ನಿಲ್ಲದೆ ಅದು ತಲೆಗಳ ಮೇಲೆ ನೀರಿನಂತೆ ಸಾಗುತ್ತಿತ್ತು.

"ಒಂದ್ನಿಮಿಷ ನಿಲ್ಲಿ," ಎಂದಳು ಬೆಗಾಯಿಮ್. "ಕೆಲಸ ಮುಗೀತು ಅಂತ ಅಪ್ಪಂಗೆ ಒಂದ್ಮಾತು ಹೇಳ್ಬೇಕು."